ಸಮ ಸಮ ಆದ ಮೇಲೆ

ನಾಣ್ಯದಿಂದ ಸೂಪರ್ ಓವರ್‌ವರೆಗೆ, ರಣಜಿ ಮುನ್ನಡೆಯಿಂದ ಊರ ಕಬಡ್ಡಿಯ ಗೋಲ್ಡನ್ ರೈಡ್‌ವರೆಗೆ: ಗೆದ್ದವರನ್ನು ಆರಿಸುವ ನಿಯಮಗಳ ಕಥೆ

2024ರ ಆಗಸ್ಟ್ 23ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಹಾರಾಜ ಟ್ರೋಫಿಯ ಒಂದು ಲೀಗ್ ಪಂದ್ಯ ಮುಗಿದರೂ ಮುಗಿಯಲಿಲ್ಲ. ಒಂದು ಕಡೆ ಮಯಂಕ್ ಅಗರವಾಲ್ ನಾಯಕರಾಗಿದ್ದ ಬೆಂಗಳೂರು ಬ್ಲಾಸ್ಟರ್ಸ್, ಇನ್ನೊಂದು ಕಡೆ ಮನೀಷ್ ಪಾಂಡೆಯ ಹುಬ್ಬಳ್ಳಿ ಟೈಗರ್ಸ್. ಇಪ್ಪತ್ತಿಪ್ಪತ್ತು ಓವರ್ ಆದಾಗ ಇಬ್ಬರದೂ 164. ಸೂಪರ್ ಓವರ್ ಆಡಿಸಿದರು. ಬೆಂಗಳೂರು 10, ಹುಬ್ಬಳ್ಳಿಯೂ 10. ಎರಡನೆಯದರಲ್ಲಿ ಹುಬ್ಬಳ್ಳಿ 8, ಬೆಂಗಳೂರೂ 8. ಮೂರನೆಯದರಲ್ಲಿ ಬೆಂಗಳೂರು 12 ರನ್ ಮಾಡಿತು. ಹುಬ್ಬಳ್ಳಿಯ ಮನ್ವಂತ್ ಕುಮಾರ್ ಕೊನೆಯ ಚೆಂಡನ್ನು ಬೌಂಡರಿಗೆ ಅಟ್ಟಿದಾಗ ಸ್ಕೋರು 13 ಆಗಿ, ಫಲಿತಾಂಶ ಕೊನೆಗೂ ಸಿಕ್ಕಿತು. ಒಂದೇ ಪಂದ್ಯಕ್ಕೆ ಮೂರು ಸೂಪರ್ ಓವರ್ ಬೇಕಾದದ್ದನ್ನು ಟಿ20 ಕ್ರಿಕೆಟ್ ಅದುವರೆಗೆ ಕಂಡಿರಲಿಲ್ಲ.

ಅದೇ ವರ್ಷದ ಜನವರಿ 17ರಂದು ಇದೇ ಮೈದಾನದಲ್ಲಿ ಭಾರತ ಮತ್ತು ಅಫ್ಗಾನಿಸ್ತಾನ ತಲಾ 212 ರನ್ ಮಾಡಿದ್ದವು. ಭಾರತ 22 ರನ್ನಿಗೆ ನಾಲ್ಕು ವಿಕೆಟ್ ಕಳೆದುಕೊಂಡಿದ್ದಾಗ ರೋಹಿತ್ ಶರ್ಮಾ ಔಟಾಗದೆ 121, ರಿಂಕು ಸಿಂಗ್ ಔಟಾಗದೆ 69 ಹೊಡೆದು ಕಟ್ಟಿದ ಮೊತ್ತ ಅದು. ಮೊದಲ ಸೂಪರ್ ಓವರ್‌ನಲ್ಲಿ ಎರಡೂ ತಂಡಕ್ಕೆ ಹದಿನಾರು ಹದಿನಾರು. ಎರಡನೆಯದರಲ್ಲಿ ಭಾರತಕ್ಕೆ 11. ರವಿ ಬಿಷ್ಣೋಯಿ ಎರಡು ವಿಕೆಟ್ ಕಿತ್ತು ಅಫ್ಗಾನಿಸ್ತಾನವನ್ನು ಒಂದೇ ರನ್ನಿಗೆ ಮುಗಿಸಿದರು. ಮರುವರ್ಷ, 2025ರ ಫೆಬ್ರುವರಿ 24ರಂದು, ಮಹಿಳಾ ಪ್ರೀಮಿಯರ್ ಲೀಗ್‌ನ ಮೊತ್ತಮೊದಲ ಸೂಪರ್ ಓವರ್ ನಡೆದದ್ದೂ ಚಿನ್ನಸ್ವಾಮಿಯಲ್ಲೇ. ಆರ್‌ಸಿಬಿ ಮತ್ತು ಯುಪಿ ವಾರಿಯರ್ಸ್ ತಲಾ 180 ಹೊಡೆದವು; ಸೂಪರ್ ಓವರ್‌ನಲ್ಲಿ ಯುಪಿ 8 ರನ್ ಮಾಡಿತು, ನಮ್ಮವರು 4ಕ್ಕೆ ನಿಂತರು.

ಇವೆಲ್ಲಕ್ಕೂ ಮೊದಲು, 2011ರ ಫೆಬ್ರುವರಿ 27ರಂದು, ಇದೇ ಮೈದಾನದ ವಿಶ್ವಕಪ್ ಲೀಗ್ ಪಂದ್ಯದಲ್ಲಿ ಭಾರತ 338, ಇಂಗ್ಲೆಂಡ್ 338. ಸಚಿನ್ ತೆಂಡೂಲ್ಕರ್ 120, ಆಂಡ್ರ್ಯೂ ಸ್ಟ್ರಾಸ್ 158. ಅಂದು ಯಾರೂ ಸೂಪರ್ ಓವರ್ ಕೇಳಲಿಲ್ಲ. ತಲಾ ಒಂದು ಅಂಕ ಹಂಚಿದರು, ಜನ ಎದ್ದು ಮನೆಗೆ ಹೋದರು. ಆ ಟೈ ಇವತ್ತಿಗೂ ಆ ವಿಶ್ವಕಪ್ಪಿನ ಅತ್ಯುತ್ತಮ ಪಂದ್ಯಗಳ ಸಾಲಿನಲ್ಲಿದೆ.

ಒಂದೇ ಅಂಗಳ, ಹದಿಮೂರು ವರ್ಷದ ಅಂತರ. ಸಮವಾದಾಗ ಏನು ಮಾಡಬೇಕು ಎಂಬುದಕ್ಕೆ ಎರಡು ಬೇರೆ ಬೇರೆ ಉತ್ತರ. ಲೀಗ್ ಪಂದ್ಯದಲ್ಲಿ ಸಮಬಲವನ್ನು ಹಾಗೇ ಬಿಟ್ಟರೆ ನಷ್ಟವಿಲ್ಲ. ಫೈನಲ್‌ನಲ್ಲಿ ಬಿಡಲಾಗದು: ಕಪ್ ಒಂದೇ, ಹಿಡಿಯುವ ಕೈ ಎರಡು. ಆಗ ಒಬ್ಬರನ್ನು ಆರಿಸುವ ನಿಯಮ ಬೇಕು. ಆ ನಿಯಮ ಎಂಥದ್ದಾಗಿರಬೇಕು ಎನ್ನುವುದರ ಮೇಲೆ ಜಗತ್ತಿನ ಕ್ರೀಡಾ ಸಂಸ್ಥೆಗಳು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿವೆ.

ನಾಣ್ಯದ ಕಾಲ

ಹಳೆಯ ಉಪಾಯ ನಾಣ್ಯ. ರಾಮನಗರದವರಿಗೆ ನಾಣ್ಯದ ಕಥೆ ಹೇಳಬೇಕಿಲ್ಲ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ 'ಶೋಲೆ'ಯಲ್ಲಿ ಜೈ ಪ್ರತಿ ಸಂದಿಗ್ಧದಲ್ಲೂ ನಾಣ್ಯ ಚಿಮ್ಮುತ್ತಾನೆ. ಅವನು ಸತ್ತ ಮೇಲೆ ಗೆಳೆಯ ವೀರು ಆ ನಾಣ್ಯವನ್ನು ತಿರುಗಿಸಿ ನೋಡಿದರೆ ಎರಡೂ ಮುಖ ಒಂದೇ. ಅದೃಷ್ಟ ಎಂದುಕೊಂಡದ್ದೆಲ್ಲ ಜೈ ತಾನೇ ಮಾಡಿದ್ದ ಆಯ್ಕೆಯಾಗಿತ್ತು. ನಾಣ್ಯದ ಮೇಲೆ ಭಾರ ಹಾಕುವುದೆಂದರೆ ಆಡುವವರ ಕೈಯಿಂದ ತೀರ್ಮಾನ ಕಿತ್ತುಕೊಂಡು ಆಟಕ್ಕೆ ಸಂಬಂಧವಿಲ್ಲದ ಒಂದು ಲೋಹದ ಚೂರಿಗೆ ಒಪ್ಪಿಸಿದಂತೆ.

ಯುರೋಪಿನ ಫುಟ್‌ಬಾಲ್ ಇದನ್ನು ನಿಜವಾಗಿ ಮಾಡಿತು. 1968ರ ಜೂನ್ 5ರಂದು ನೇಪಲ್ಸ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್. ಇಟಲಿ ಮತ್ತು ಸೋವಿಯತ್ ಒಕ್ಕೂಟ ಹೆಚ್ಚುವರಿ ಸಮಯ ಆಡಿದರೂ ಗೋಲಿಲ್ಲ. ಇಬ್ಬರು ನಾಯಕರನ್ನು ಕರೆದು ನಾಣ್ಯ ಚಿಮ್ಮಿದರು. ಇಟಲಿಯ ಜಚಿಂಟೊ ಫಾಚೆಟ್ಟಿ ಹೇಳಿದ ಮುಖ ಬಿತ್ತು, ಇಟಲಿ ಫೈನಲ್‌ಗೆ ಹೋಗಿ ಕೊನೆಗೆ ಪ್ರಶಸ್ತಿಯನ್ನೂ ಗೆದ್ದಿತು. ಅದೇ ವರ್ಷದ ಮೆಕ್ಸಿಕೊ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಇಸ್ರೇಲ್ ಮತ್ತು ಬಲ್ಗೇರಿಯ 1-1ರಲ್ಲಿ ನಿಂತಾಗ ಚೀಟಿ ಎತ್ತಿದರು. ಇಸ್ರೇಲ್ ಮನೆಗೆ ಹೊರಟಿತು. ಈ ನೋವಿನಿಂದಲೇ ಇಸ್ರೇಲಿನ ಫುಟ್‌ಬಾಲ್ ಆಡಳಿತಗಾರ ಯೋಸೆಫ್ ದಗಾನ್ ಪೆನಾಲ್ಟಿ ಒದೆತಗಳಿಂದ ತೀರ್ಮಾನ ಮಾಡಬೇಕೆಂಬ ಪ್ರಸ್ತಾವ ಮುಂದಿಟ್ಟರು. 1970ರಲ್ಲಿ ಫುಟ್‌ಬಾಲ್ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಅದನ್ನು ಒಪ್ಪಿಕೊಂಡಿತು.

ನಾಣ್ಯಕ್ಕಿಂತ ಪೆನಾಲ್ಟಿ ಎಷ್ಟೋ ಪಾಲು ಮೇಲು. ಕೊನೆಗೆ ಕಾಲು, ಕಣ್ಣು, ಧೈರ್ಯ ಕೆಲಸ ಮಾಡುತ್ತವೆ. ಆದರೆ ಹನ್ನೊಂದು ಜನ ಎರಡು ಗಂಟೆ ಓಡಿ ಆಡಿದ ಆಟ ಹನ್ನೆರಡು ಗಜದ ಒಬ್ಬಂಟಿ ಒದೆತಕ್ಕೆ ಕುಗ್ಗುತ್ತದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ 2023ರಲ್ಲಿ ನಾಲ್ಕು ತಿಂಗಳೊಳಗೆ ಇದರ ಸಿಹಿಯನ್ನು ಮೂರು ಸಲ ಉಂಡಿತು. ಮಾರ್ಚ್ 12ರಂದು ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮುಂಬೈ ಸಿಟಿಯನ್ನು ಪೆನಾಲ್ಟಿಯಲ್ಲಿ 9-8ರಿಂದ ಸೋಲಿಸಿತು. ಗುರ್‌ಪ್ರೀತ್ ಸಿಂಗ್ ಸಂಧು ತಡೆದರು, ಸಂದೇಶ್ ಜಿಂಗಾನ್ ಕೊನೆಯ ಗೋಲು ಹೊಡೆದರು. ಜುಲೈ 1ರಂದು ಸ್ಯಾಫ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಭಾರತ ಲೆಬನಾನ್ ಮೇಲೆ ಇದೇ ದಾರಿಯಲ್ಲಿ 4-2ರಿಂದ ಗೆದ್ದಿತು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಎದುರು 1-1. ಐದೈದು ಒದೆತದ ಬಳಿಕವೂ 4-4. ಆರನೆಯ ಒದೆತಕ್ಕೆ ನವೊರೆಮ್ ಮಹೇಶ್ ಸಿಂಗ್ ಗೋಲು ಹೊಡೆದರು, ಖಾಲಿದ್ ಹಾಜಿಯಾ ಒದ್ದ ಚೆಂಡಿಗೆ ಗುರ್‌ಪ್ರೀತ್ ಎಡಕ್ಕೆ ಹಾರಿ ಅಡ್ಡವಾದರು. ಕಂಠೀರವ ಗರ್ಜಿಸಿತು.

ಕಹಿಯೂ ಅದೇ ವರ್ಷ ಬಂತು. ಆ ಸಂಭ್ರಮಗಳ ನಡುವೆ, ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್ 2-2 ಆಗಿ, ಪೆನಾಲ್ಟಿಯಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಬೆಂಗಳೂರು 3-4ರಿಂದ ಸೋತಿತು. ಆರು ದಿನದ ಹಿಂದೆ ಹದಿನೆಂಟು ಒದೆತಗಳಲ್ಲಿ ಅಲುಗಾಡದ ತಂಡ ಅದು. ತಂಡ ಆರು ದಿನದಲ್ಲಿ ಬದಲಾಗಿರಲಿಲ್ಲ.

ಮೊದಲು ಒದೆಯುವ ತಂಡಕ್ಕೆ ಅನುಕೂಲ, ಎರಡನೆಯವರಿಗೆ ಸದಾ ಬೆನ್ನಟ್ಟುವ ಒತ್ತಡ ಎಂಬ ದೂರು ಹಳೆಯದು. 2017ರಲ್ಲಿ ಒದೆತದ ಸರದಿಯನ್ನು ಬದಲಿಸಿ ನೋಡಿದರು: ಮೊದಲ ತಂಡ ಒಂದು, ಎರಡನೆಯದು ಸತತ ಎರಡು, ಮತ್ತೆ ಮೊದಲನೆಯದು ಎರಡು. ಟೆನಿಸ್‌ನ ಟೈಬ್ರೇಕ್‌ನಲ್ಲಿ ಸರ್ವ್ ಬದಲಾಗುವುದು ಹೀಗೆಯೇ. ಜನರಿಗೆ ಗೊಂದಲವಾಯಿತು, 2018ರಲ್ಲಿ ಕೈಬಿಟ್ಟರು. ನನ್ನ ಮಟ್ಟಿಗೆ ಆ ಪ್ರಯೋಗಕ್ಕೆ ಇನ್ನಷ್ಟು ಸಮಯ ಕೊಡಬೇಕಿತ್ತು.

ಹಾಕಿ ಈ ವಿಷಯದಲ್ಲಿ ಫುಟ್‌ಬಾಲ್‌ಗಿಂತ ಮುಂದಿದೆ. ನಿಂತ ಚೆಂಡನ್ನು ಹೊಡೆಯುವ ಪೆನಾಲ್ಟಿ ಸ್ಟ್ರೋಕ್ ಬಿಟ್ಟು, ಇಪ್ಪತ್ಮೂರು ಮೀಟರ್ ಗೆರೆಯಿಂದ ಎಂಟು ಸೆಕೆಂಡಿನೊಳಗೆ ಗೋಲ್‌ಕೀಪರ್‌ನನ್ನು ವಂಚಿಸಿ ಗೋಲು ಹೊಡೆಯಬೇಕೆಂಬ ಶೂಟೌಟ್ ತಂದರು. ಓಟ, ಡ್ರಿಬಲ್, ಕೀಪರ್‌ನ ಲೆಕ್ಕಾಚಾರ ಎಲ್ಲವೂ ಅದರಲ್ಲಿವೆ. ಹಾಕಿಯ ಒಂದು ತುಣುಕಾದರೂ ಅಲ್ಲಿ ಉಳಿದಿದೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದೊಂದಿಗೆ 1-1 ಆದಾಗ ಭಾರತ ಚಿನ್ನ ಗೆದ್ದದ್ದು ಹೀಗೆ, 4-2ರಿಂದ. ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಆ ತಂಡದಲ್ಲಿದ್ದರು.

ಬೌಂಡರಿ ಎಣಿಸಿ ಕೊಟ್ಟ ಕಪ್

ಕ್ರಿಕೆಟ್ ತನ್ನ ಉತ್ತರ ಹುಡುಕುವಾಗ ಮೊದಲು ಎಡವಿತು. 2007ರ ಸೆಪ್ಟೆಂಬರ್ 14ರಂದು ಡರ್ಬನ್‌ನಲ್ಲಿ ಮೊದಲ ಟಿ20 ವಿಶ್ವಕಪ್‌ನ ಭಾರತ-ಪಾಕಿಸ್ತಾನ ಪಂದ್ಯ 141-141 ಆದಾಗ ಬೌಲ್ ಔಟ್ ನಡೆಯಿತು. ಬ್ಯಾಟರ್ ಇಲ್ಲದ ವಿಕೆಟ್‌ಗೆ ಚೆಂಡು ಗುರಿಯಿಟ್ಟು ಹೊಡೆಯುವ ಪರೀಕ್ಷೆ. ಭಾರತದ ಬೌಲಿಂಗ್ ಕೋಚ್ ಆಗಿದ್ದ ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಅಭ್ಯಾಸದ ವೇಳೆಯಲ್ಲೇ ಆಟಗಾರರಿಂದ ಇದನ್ನು ಮಾಡಿಸಿ, ಯಾರ ಗುರಿ ತಪ್ಪುವುದಿಲ್ಲ ಎಂದು ನೋಡಿಟ್ಟುಕೊಂಡಿದ್ದರು. ಹಾಗಾಗಿ ಮೂರನೆಯವರಾಗಿ ಬಂದದ್ದು ಬೌಲರ್ ಅಲ್ಲದ ರಾಬಿನ್ ಉತ್ತಪ್ಪ. ಕೊಡವ ಮನೆತನದ ಹುಡುಗ, ಹಾಕಿ ಅಂಪೈರ್ ವೇಣು ಉತ್ತಪ್ಪ ಅವರ ಮಗ, ಅಂದಿನ ಪಂದ್ಯದಲ್ಲಿ ಅರ್ಧಶತಕ ಹೊಡೆದವರು. ಸೆಹ್ವಾಗ್, ಹರ್ಭಜನ್, ಉತ್ತಪ್ಪ ಮೂವರದೂ ವಿಕೆಟ್‌ಗೆ ತಗುಲಿತು. ಪಾಕಿಸ್ತಾನದ ಮೂವರದೂ ತಪ್ಪಿತು. ನಿಯಮವನ್ನು ಮೊದಲೇ ಓದಿ ತಯಾರಾದವರು ಗೆದ್ದರು ಎನ್ನುವುದು ನಿಜವಾದರೂ ಬ್ಯಾಟ್ ಇಲ್ಲದ ಕ್ರಿಕೆಟ್ ಕ್ರಿಕೆಟ್ ಆಗಲಾರದು. ಮರುವರ್ಷ ಬೌಲ್ ಔಟ್ ಹೋಗಿ ಸೂಪರ್ ಓವರ್ ಬಂತು.

ಸೂಪರ್ ಓವರ್ ಒಳ್ಳೆಯ ನಿಯಮ. ಬ್ಯಾಟ್ ಇದೆ, ಚೆಂಡಿದೆ, ಫೀಲ್ಡಿಂಗ್ ಇದೆ. ಅದು ಮತ್ತೆ ಟೈ ಆದರೆ? ಇಲ್ಲಿ ಆಡಳಿತಗಾರರು ದೊಡ್ಡ ತಪ್ಪು ಮಾಡಿದ್ದರು. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್: ಇಂಗ್ಲೆಂಡ್ 241, ನ್ಯೂಜಿಲೆಂಡ್ 241. ಸೂಪರ್ ಓವರ್‌ನಲ್ಲೂ ಹದಿನೈದು ಹದಿನೈದು. ಆಗ ಅಂಪೈರ್‌ಗಳು ಬೌಂಡರಿ ಎಣಿಸಿದರು. ಇಂಗ್ಲೆಂಡ್ ಒಟ್ಟು 26, ನ್ಯೂಜಿಲೆಂಡ್ 17. ವಿಶ್ವಕಪ್ ಇಂಗ್ಲೆಂಡ್‌ಗೆ ಹೋಯಿತು. ಓಡಿ ತೆಗೆದ ನಾಲ್ಕು ರನ್ನಿಗಿಂತ ಬೌಂಡರಿ ದಾಟಿದ ನಾಲ್ಕು ರನ್ ಮೇಲು ಎಂದು ಕ್ರಿಕೆಟ್ ಯಾವತ್ತೂ ಹೇಳಿರಲಿಲ್ಲ. ಅಂದು ಕಪ್ ಕೊಡುವ ಗಳಿಗೆಯಲ್ಲಿ ಹೇಳಿತು. ಕೇನ್ ವಿಲಿಯಮ್ಸನ್ ಬಳಗ ನಿಯಮ ಒಪ್ಪಿಕೊಂಡೇ ಆಡಿತ್ತು, ಆದ್ದರಿಂದ ದೂರಲಿಲ್ಲ. ಆ ಸಂಯಮಕ್ಕೆ ಕ್ರಿಕೆಟ್ ಋಣಿ.

ಮೂರು ತಿಂಗಳ ಬಳಿಕ, ಅಕ್ಟೋಬರ್‌ನಲ್ಲಿ, ಐಸಿಸಿ ಆ ನಿಯಮ ಕಿತ್ತುಹಾಕಿತು. ಹೊಸ ನಿಯಮಕ್ಕೆ ಶಿಫಾರಸು ಮಾಡಿದ ಕ್ರಿಕೆಟ್ ಸಮಿತಿಯ ಅಧ್ಯಕ್ಷರು ನಮ್ಮ ಅನಿಲ್ ಕುಂಬ್ಳೆ. ಸೆಮಿಫೈನಲ್, ಫೈನಲ್‌ಗಳಲ್ಲಿ ಒಬ್ಬರು ಹೆಚ್ಚು ರನ್ ಮಾಡುವವರೆಗೂ ಸೂಪರ್ ಓವರ್ ಆಡಿಸುತ್ತಲೇ ಇರಬೇಕು ಎಂಬುದು ತೀರ್ಮಾನ. ಚಿನ್ನಸ್ವಾಮಿಯಲ್ಲಿ ಎರಡು, ಮೂರು ಸೂಪರ್ ಓವರ್ ನಡೆದದ್ದು ಇದೇ ಚಿಂತನೆಯ ಫಲ. ಒಂದು ಸೂಪರ್ ಓವರ್ ಹಾಕಿದ ಬೌಲರ್ ಮುಂದಿನದನ್ನು ಹಾಕುವಂತಿಲ್ಲ, ಔಟಾದ ಬ್ಯಾಟರ್ ಮತ್ತೆ ಬರುವಂತಿಲ್ಲ, ಮೊದಲು ಬ್ಯಾಟ್ ಮಾಡುವ ಸರದಿ ಪ್ರತಿ ಬಾರಿ ಅದಲುಬದಲು. ಆಟ ಲಂಬಿಸಿದಷ್ಟೂ ತಂಡದ ಎರಡನೇ ಸಾಲಿನವರು ಮುಂದೆ ಬರಬೇಕಾಗುತ್ತದೆ.

ಅಷ್ಟಾದರೂ ಸಂದಿಗಳು ಉಳಿದಿವೆ. ಅಫ್ಗಾನಿಸ್ತಾನ ವಿರುದ್ಧದ ಮೊದಲ ಸೂಪರ್ ಓವರ್‌ನ ಕೊನೆಯ ಚೆಂಡಿಗೆ ಮುನ್ನ ನಾನ್‌ಸ್ಟ್ರೈಕರ್ ಆಗಿದ್ದ ರೋಹಿತ್, ವೇಗವಾಗಿ ಓಡಬಲ್ಲ ರಿಂಕುಗೆ ಜಾಗ ಬಿಟ್ಟು ಹೊರನಡೆದರು. ಎರಡನೆಯದರಲ್ಲಿ ಮತ್ತೆ ಬ್ಯಾಟ್ ಹಿಡಿದು ಬಂದರು. ಅವರು ಹೊರಗೆ ಹೋದದ್ದನ್ನು 'ರಿಟೈರ್ಡ್ ಔಟ್' ಎಂದು ಲೆಕ್ಕ ಹಾಕಿದ್ದರೆ ಎರಡನೇ ಸಲ ಬರುವಂತಿರಲಿಲ್ಲ. ಅದು ಔಟೋ ಅಲ್ಲವೋ ಎಂಬ ಚರ್ಚೆ ಪಂದ್ಯ ಮುಗಿದ ಮೇಲೂ ನಡೆಯಿತು.

ರಣಜಿಯ ಉತ್ತರ

ನನ್ನನ್ನು ಕೇಳಿದರೆ, ಸಮಬಲ ಬಿಡಿಸುವುದಕ್ಕೆ ಭಾರತ ಕಂಡುಕೊಂಡ ಅತ್ಯಂತ ಘನವಾದ ಉಪಾಯ ರಣಜಿ ಟ್ರೋಫಿಯ ಮೊದಲ ಇನಿಂಗ್ಸ್ ಮುನ್ನಡೆ. ನಾಲ್ಕೈದು ದಿನದ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಹೆಚ್ಚು ರನ್ ಮಾಡಿದವರು ಮುಂದಕ್ಕೆ. ಬೇರೆ ಆಟ ಆಡಿಸಬೇಕಿಲ್ಲ, ಬೇರೇನನ್ನೂ ಎಣಿಸಬೇಕಿಲ್ಲ; ಆಡಿದ ಆಟದೊಳಗಿನಿಂದಲೇ ತೀರ್ಪು ಹೊರಡುತ್ತದೆ. ಕರ್ನಾಟಕ ಕ್ರಿಕೆಟ್‌ನ ಚರಿತ್ರೆಯನ್ನೇ ಈ ನಿಯಮ ಬರೆದಿದೆ.

1974ರ ಮಾರ್ಚ್. ಬಾಂಬೆ ತಂಡ 1958-59ರಿಂದ ಸತತ ಹದಿನೈದು ವರ್ಷ ರಣಜಿ ಗೆದ್ದಿತ್ತು. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕ 385 ರನ್ ಕಲೆಹಾಕಿತು, ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆಯ ಬಲವೆಲ್ಲ ಬ್ಯಾಟಿಂಗ್‌ನಲ್ಲಿ. ನಾಯಕ ಎರಪಳ್ಳಿ ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ ಆ ಚೆಂಡಿನ ಬಗ್ಗೆ ಅಂದು ನೋಡಿದವರು ಇಂದಿಗೂ ಮಾತಾಡುತ್ತಾರೆ. ಅಜಿತ್ ವಾಡೇಕರ್ ರನೌಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. ಎಪ್ಪತ್ತೆಂಟು ರನ್ನಿನ ಮುನ್ನಡೆ ಹದಿನೈದು ವರ್ಷದ ಆಳ್ವಿಕೆಯನ್ನು ಕೊನೆಗಾಣಿಸಿತು. ಅಲ್ಲಿಂದ ಜೈಪುರಕ್ಕೆ ಹೋಗಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿ ರಣಜಿ ಎತ್ತಿತು.

ಎಂಟು ವರ್ಷದ ನಂತರ ಅದೇ ನಿಯಮ ನಮ್ಮ ಮೇಲೆ ತಿರುಗಿಬಿತ್ತು. 1981-82ರ ಫೈನಲ್, ದೆಹಲಿಯ ಫಿರೋಜ್ ಷಾ ಕೋಟ್ಲಾ. ಕರ್ನಾಟಕ 705 ರನ್ ಹೊಡೆಯಿತು. ಬ್ರಿಜೇಶ್ ಪಟೇಲ್, ಕಿರ್ಮಾನಿ, ರೋಜರ್ ಬಿನ್ನಿ, ಖಾನ್ವಿಲ್ಕರ್ ನಾಲ್ವರ ಶತಕ. ಏಳುನೂರ ಐದು ಹೊಡೆದ ಮೇಲೆ ಯಾರು ತಾನೇ ಸೋಲಿನ ಯೋಚನೆ ಮಾಡುತ್ತಾರೆ? ದೆಹಲಿಯ ಮೊಹಿಂದರ್ ಅಮರನಾಥ್ 185 ಹೊಡೆದರೂ 589ಕ್ಕೆ ಎಂಟು ವಿಕೆಟ್ ಬಿದ್ದಿದ್ದವು. ಆಗ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಜೊತೆಯಾಗಿ ಮುರಿಯದ ಒಂಬತ್ತನೇ ವಿಕೆಟ್‌ಗೆ 118 ರನ್ ಕೂಡಿಸಿದರು. ದೆಹಲಿ 8 ವಿಕೆಟ್‌ಗೆ 707. ಎರಡು ರನ್ ಮುನ್ನಡೆ, ರಣಜಿ ಕಪ್. ಕನ್ನಡಿಗರಿಗೆ ಆ ಎರಡು ರನ್ ಎಷ್ಟು ಭಾರವಾಗಿತ್ತು ಎಂಬುದು ಮರುವರ್ಷ ಬಾಂಬೆಯಲ್ಲಿ ಗೊತ್ತಾಯಿತು: ಅಲ್ಲಿ ಬಾಂಬೆಯ ಮೇಲೇ ಮೊದಲ ಇನಿಂಗ್ಸ್ ಮುನ್ನಡೆ ಪಡೆದು ಕರ್ನಾಟಕ ಕಪ್ ಮರಳಿ ತಂದಿತು.

ಈ ನಿಯಮಕ್ಕೊಂದು ದೋಷವಿದೆ. ಮುನ್ನಡೆ ಸಿಕ್ಕವರು ಆಮೇಲೆ ಗೆಲ್ಲಲು ಆಡಬೇಕಿಲ್ಲ, ಸೋಲದಿದ್ದರೆ ಸಾಕು. ಎರಡನೇ ಇನಿಂಗ್ಸ್ ಬರೀ ಕಾಲಹರಣವಾದ ರಣಜಿ ಫೈನಲ್‌ಗಳು ಬೇಕಾದಷ್ಟಿವೆ. ಆದರೆ ಹಿಂದೆ ಬಿದ್ದವರಿಗೆ ಇದೇ ನಿಯಮ ಬೇರೆ ದಾರಿಯನ್ನೇ ಉಳಿಸುವುದಿಲ್ಲ, ಪೂರ್ಣ ಗೆಲುವೊಂದೇ. 1999ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಆದದ್ದು ಅದು. ಮಧ್ಯಪ್ರದೇಶ ಫೈನಲ್ ತಲುಪಿತ್ತು, ನಾಯಕ ಚಂದ್ರಕಾಂತ್ ಪಂಡಿತ್. ಕರ್ನಾಟಕ 304, ಮಧ್ಯಪ್ರದೇಶ 379. ಎಪ್ಪತ್ತೈದು ರನ್ ಮುನ್ನಡೆ ಅವರ ಜೇಬಿನಲ್ಲಿ. ಡ್ರಾ ಮಾಡಿಕೊಂಡರೆ ಕಪ್ ಅವರದು. ಕರ್ನಾಟಕ ಎರಡನೇ ಇನಿಂಗ್ಸ್‌ನಲ್ಲಿ 321 ಮಾಡಿ 247ರ ಗುರಿ ಇಟ್ಟಿತು. ಕೊನೆಯ ದಿನ ಚಹಾ ವಿರಾಮದವರೆಗೂ ಡ್ರಾ ಎಂದೇ ಕಾಣುತ್ತಿತ್ತು. ಕನ್ನಡಕ ತೊಟ್ಟ ಆಫ್‌ಸ್ಪಿನ್ನರ್ ವಿಜಯ್ ಭಾರದ್ವಾಜ್ ಚೆಂಡು ಹಿಡಿದರು. ಆ ಋತುವಿನಲ್ಲಿ 1463 ರನ್ ಪೇರಿಸಿ ಬ್ಯಾಟರ್ ಎಂದು ಹೆಸರಾಗಿದ್ದವರು 24 ರನ್ನಿಗೆ 6 ವಿಕೆಟ್ ಕಿತ್ತರು. ಮಧ್ಯಪ್ರದೇಶ 150ಕ್ಕೆ ಆಲೌಟ್, ಕರ್ನಾಟಕಕ್ಕೆ 96 ರನ್ ಜಯ.

ಪಂಡಿತ್ ಆ ಸೋಲನ್ನು ಇಪ್ಪತ್ಮೂರು ವರ್ಷ ಹೊತ್ತರು. 2022ರ ಜೂನ್ 26ರಂದು ಅದೇ ಚಿನ್ನಸ್ವಾಮಿಯಲ್ಲಿ ಅವರು ಕೋಚ್ ಆಗಿದ್ದ ಮಧ್ಯಪ್ರದೇಶ ಮುಂಬೈಯನ್ನು ಸೋಲಿಸಿ ಮೊದಲ ರಣಜಿ ಗೆದ್ದಿತು. 162 ರನ್ ಮುನ್ನಡೆ ಕೈಯಲ್ಲಿದ್ದರೂ ಅವರ ತಂಡ ಈ ಸಲ ಡ್ರಾಗೆ ಕಾಯಲಿಲ್ಲ. ಆಡಿ, ಆರು ವಿಕೆಟ್‌ಗಳಿಂದ ಪೂರ್ತಿ ಗೆದ್ದು ಮುಗಿಸಿತು.

ಮುನ್ನಡೆಯ ಅಂಚು ಎಷ್ಟು ಕಿರಿದಾಗಬಹುದು ಎನ್ನುವುದಕ್ಕೆ 2025ರ ಕೇರಳ ತಂಡ ಸಾಕ್ಷಿ. ಕ್ವಾರ್ಟರ್ ಫೈನಲ್‌ನಲ್ಲಿ ಜಮ್ಮು-ಕಾಶ್ಮೀರ 280, ಕೇರಳ 281: ಒಂದು ರನ್. ಸೆಮಿಫೈನಲ್‌ನಲ್ಲಿ ಕೇರಳ 457. ಅದರಲ್ಲಿ ಕಾಸರಗೋಡಿನ ಮೊಹಮ್ಮದ್ ಅಜರುದ್ದೀನ್ ಔಟಾಗದೆ 177. ಗುಜರಾತ್ 455ರಲ್ಲಿದ್ದಾಗ ಕೊನೆಯ ಬ್ಯಾಟರ್ ಬೀಸಿದ ಚೆಂಡು ಹತ್ತಿರ ನಿಂತಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್‌ಗೆ ಬಡಿದು ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಕೈಸೇರಿತು. ಎರಡು ರನ್ ಮುನ್ನಡೆ, ಕೇರಳಕ್ಕೆ ಮೊದಲ ರಣಜಿ ಫೈನಲ್. ಅಲ್ಲಿ 37 ರನ್ ಮುನ್ನಡೆ ಪಡೆದ ವಿದರ್ಭ ಕಪ್ ಒಯ್ದಿತು. ಬಂದ ದಾರಿಯಲ್ಲೇ ಕೇರಳ ಸೋತಿತು, ಅದರಲ್ಲೊಂದು ನ್ಯಾಯವಿದೆ.

ಒಡೆಯಲೇಬೇಕೆ?

ಎಲ್ಲ ಸಮಬಲವನ್ನೂ ಒಡೆಯಬೇಕೆಂದು ನಮ್ಮ ಹಿರಿಯರು ಭಾವಿಸಿರಲಿಲ್ಲ. ಹಳೆ ಮೈಸೂರು ಸೀಮೆಯ ನಾಡಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು. ಗೊತ್ತುಮಾಡಿದ ಹೊತ್ತಿನೊಳಗೆ ಯಾರ ಬೆನ್ನೂ ಮಣ್ಣಿಗೆ ತಾಗದಿದ್ದರೆ ಕುಸ್ತಿ ಸಮ ಎಂದು ಸಾರಿ ಇಬ್ಬರ ಕೈಯನ್ನೂ ಮೇಲೆತ್ತುತ್ತಾರೆ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಒಲಿಂಪಿಕ್ಸ್‌ನ ಪಾಯಿಂಟ್ ಕುಸ್ತಿ ಸಮವನ್ನು ಸಹಿಸುವುದಿಲ್ಲ: ಪಾಯಿಂಟ್ ಸಮವಾದರೆ ದೊಡ್ಡ ಪಟ್ಟು ಯಾರು ಹಾಕಿದರು, ಎಚ್ಚರಿಕೆ ಯಾರಿಗೆ ಕಡಿಮೆ, ಕೊನೆಯ ಪಾಯಿಂಟ್ ಯಾರದು ಎಂದು ಕೆದಕುತ್ತಾ ಹೋಗುತ್ತದೆ.

2021ರ ಆಗಸ್ಟ್ 1ರಂದು ಟೋಕಿಯೊ ಒಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಕತಾರ್‌ನ ಬರ್ಷಿಮ್, ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ದಾಟಿ 2.39ರಲ್ಲಿ ಮೂರು ಸಲ ಎಡವಿದರು. ಜಿಗಿತ ಮುಂದುವರಿಸುವ ಅವಕಾಶವನ್ನು ಇಬ್ಬರೂ ಬಿಟ್ಟು ಚಿನ್ನ ಹಂಚಿಕೊಂಡರು. 2024ರ ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡ್‌ನ ಹಾಮಿಷ್ ಕೆರ್, ಅಮೆರಿಕದ ಶೆಲ್ಬಿ ಮೆಕ್ಯೂವೆನ್ ಅದೇ ಸ್ಥಿತಿಯಲ್ಲಿ ಜಿಗಿಯುತ್ತೇವೆ ಎಂದರು, ಕೆರ್ ಗೆದ್ದರು. ಎರಡೂ ಸರಿ ಎಂದೇ ನನ್ನ ಎಣಿಕೆ, ಏಕೆಂದರೆ ಎರಡೂ ಕಡೆ ತೀರ್ಮಾನ ಜಿಗಿದವರದೇ ಆಗಿತ್ತು.

ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಹೋದವರು ಇದನ್ನು ನೆನೆಯಬಹುದು. ಅಲ್ಲಿನ 1368ರ ಶಾಸನ ಆಟದ ವಿಷಯದ್ದಲ್ಲ, ಜೈನರು ಮತ್ತು ಶ್ರೀವೈಷ್ಣವರ ನಡುವಿನ ವ್ಯಾಜ್ಯದ್ದು. ವಿಜಯನಗರದ ಬುಕ್ಕರಾಯ ಒಬ್ಬರನ್ನು ಗೆಲ್ಲಿಸಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೂ ಹಿಂದಿನಂತೆಯೇ ಇದೆ ಎಂದು ತೀರ್ಪು ಕೊಟ್ಟು ಕಲ್ಲಿನಲ್ಲಿ ಕೆತ್ತಿಸಿದ. ಶ್ರವಣಬೆಳಗೊಳದಲ್ಲೂ ಕಲ್ಯದಲ್ಲೂ ಆ ಬರಹವಿದೆ. ತೀರ್ಪು ಎಷ್ಟು ಮುಖ್ಯವೋ ಅದನ್ನು ಎಲ್ಲರೂ ಓದುವಂತೆ ನಿಲ್ಲಿಸಿದ್ದೂ ಅಷ್ಟೇ ಮುಖ್ಯ. ಈ ಎರಡನೆಯದು ನಮ್ಮ ಊರ ಆಟಗಳಲ್ಲಿ ಕಾಣೆಯಾಗಿದೆ.

ಅಂಕಣದ ಗೆರೆಯಲ್ಲಿ

ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ ಸೀಮೆಯಲ್ಲಿ ಸಮಬಲದ ಪ್ರಶ್ನೆ ಹೆಚ್ಚು ಬಿಸಿಯಾಗಿ ಏಳುವುದು ಕಬಡ್ಡಿಯಲ್ಲಿ. ಹಬ್ಬ, ಜಾತ್ರೆ, ರಾಜ್ಯೋತ್ಸವಕ್ಕೆ ಹೊನಲು ಬೆಳಕಿನ ಪಂದ್ಯಾವಳಿ. ಕಬಡ್ಡಿಯಲ್ಲಿ ಒಂದು ಬೆರಳು ಗೆರೆ ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ಪಾಯಿಂಟ್ ನಿಂತಿರುತ್ತದೆ, ಹಾಗಾಗಿ ಸಮವಾಗುವುದೂ ಸಹಜ, ಜಗಳವಾಗುವುದೂ ಸಹಜ.

ಜಗತ್ತಿನ ದೊಡ್ಡ ಅಂಕಣದಲ್ಲೇ ಹೀಗಾಗಿದೆ. 2023ರ ಅಕ್ಟೋಬರ್ 7, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಫೈನಲ್. ಭಾರತ 28, ಇರಾನ್ 28, ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ರೈಡ್‌ಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಹಿಂದೆಯೇ ಇರಾನಿನ ಡಿಫೆಂಡರ್‌ಗಳೂ ಲಾಬಿಗೆ ನುಗ್ಗಿದರು. ಹಳೆಯ ನಿಯಮದಂತೆ ಹಿಂಬಾಲಿಸಿ ಹೋದವರೂ ಔಟು. ಹೊಸದರಂತೆ ರೈಡರ್ ಒಬ್ಬನೇ ಔಟು. ಯಾವ ನಿಯಮ? ತೀರ್ಪು ಅತ್ತಿಂದಿತ್ತ ಹೊರಳಿತು, ಎರಡೂ ತಂಡ ಅಂಕಣದಲ್ಲೇ ಕುಳಿತವು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಚಿನ್ನ ಗೆದ್ದಿತು. ನಾವು ಗೆದ್ದೆವು ಎಂಬ ಸಂತೋಷದಲ್ಲೂ ಹೇಳಲೇಬೇಕು: ಫೈನಲ್‌ಗೆ ಇಳಿಯುವ ಮುನ್ನ ಯಾವ ನಿಯಮ ಎಂಬುದು ಎರಡೂ ತಂಡಕ್ಕೆ ಒಂದೇ ರೀತಿ ಗೊತ್ತಿರಲಿಲ್ಲ ಎನ್ನುವುದು ಆ ಆಟಕ್ಕೆ ಕಳಂಕ.

ಕಬಡ್ಡಿಯ ಟೈಬ್ರೇಕರ್ ಮಾತ್ರ ಸೊಗಸಾದದ್ದು. ಎರಡೂ ತಂಡದ ಏಳೇಳು ಜನ ಅಂಕಣದಲ್ಲಿರುತ್ತಾರೆ. ತಲಾ ಐದು ರೈಡ್, ಐದಕ್ಕೂ ಬೇರೆ ಬೇರೆ ರೈಡರ್. ಹೆಸರಿನ ಪಟ್ಟಿ ಮೊದಲೇ ರೆಫರಿಗೆ ಕೊಡಬೇಕು. ಔಟಾದವರು ಹೊರಗೆ ಹೋಗುವುದಿಲ್ಲ, ಪಾಯಿಂಟ್ ಮಾತ್ರ ಬರೆದುಕೊಳ್ಳುತ್ತಾರೆ. ಬಾಕ್ ಲೈನೇ ಬೋನಸ್ ಲೈನೂ ಆಗುತ್ತದೆ. ಒಬ್ಬ ಸ್ಟಾರ್ ರೈಡರ್‌ನ ಬೆನ್ನ ಮೇಲೆ ತಂಡ ಸವಾರಿ ಮಾಡುವಂತಿಲ್ಲ. ಪೆನಾಲ್ಟಿ ಶೂಟೌಟ್‌ಗೆ ಇಲ್ಲದ ಗುಣ ಇದು: ಆಟ ಅದೇ, ತಂಡವೂ ಅದೇ. ಇದೂ ಸಮವಾದರೆ ಗೋಲ್ಡನ್ ರೈಡ್ ಎಂಬ ನಿರ್ಣಾಯಕ ರೈಡ್. ಪ್ರೊ ಕಬಡ್ಡಿ 2025ರ ಹನ್ನೆರಡನೇ ಆವೃತ್ತಿಯಿಂದ ಲೀಗ್ ಪಂದ್ಯಗಳಿಗೂ ಟೈಬ್ರೇಕರ್ ತಂದಿತು. ಮೊದಲ ದಿನವೇ ಬೆಂಗಳೂರು ಬುಲ್ಸ್ ಮತ್ತು ಪುಣೇರಿ ಪಲ್ಟನ್ 32-32 ಆಗಿ, ಐದು ರೈಡ್‌ಗಳಲ್ಲಿ ಪುಣೆ ಗೆದ್ದಿತು. ಟಿವಿಯಲ್ಲಿ ಅದನ್ನು ನೋಡಿದ ಹುಡುಗರೇ ಮರುದಿನ ಊರ ಅಂಕಣಕ್ಕೆ ಇಳಿಯುವುದು.

ಊರ ಪಂದ್ಯಾವಳಿಯ ಕರಪತ್ರಗಳಲ್ಲಿ ಮೊದಲ ಬಹುಮಾನ, ಎರಡನೇ ಬಹುಮಾನ, ಪ್ರವೇಶ ಶುಲ್ಕ, ಅತಿಥಿಗಳ ಭಾವಚಿತ್ರ ಎಲ್ಲ ಇರುತ್ತವೆ. ಅಡಿಯಲ್ಲಿ ಒಂದು ಸಾಲು: ತೀರ್ಪುಗಾರರ ತೀರ್ಮಾನವೇ ಅಂತಿಮ. ಸಮವಾದರೆ ಏನು ಎಂಬ ಸಾಲು ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಫೈನಲ್ ಸಮವಾದಾಗ ಒಬ್ಬರು ಹೆಚ್ಚುವರಿ ಸಮಯ ಎನ್ನುತ್ತಾರೆ, ಇನ್ನೊಬ್ಬರು ಐದು ರೈಡ್, ಮತ್ತೊಬ್ಬರು ಟಾಸ್. ಎರಡೂ ಊರಿನ ಜನ ಅಂಕಣದ ಸುತ್ತ ನಿಂತಿರುವಾಗ ತೀರ್ಪುಗಾರ ನಿಯಮ ಹುಡುಕಬೇಕಾಗಿ ಬಂದರೆ, ಯಾವ ತೀರ್ಮಾನ ಕೊಟ್ಟರೂ ಸೋತವರಿಗೆ ಅದು ಮೋಸದಂತೆಯೇ ಕಾಣುತ್ತದೆ.

ಈ ಸೀಮೆಯಲ್ಲಿ ಪಂದ್ಯಾವಳಿ ನಡೆಸುವ ಯುವಕ ಸಂಘಗಳಿಗೆ, ಗೆಳೆಯರ ಬಳಗಗಳಿಗೆ ಒಂದು ಕೋರಿಕೆ. ಮುಂದಿನ ಕರಪತ್ರ ಅಚ್ಚು ಹಾಕಿಸುವಾಗ ಆ ಕೊನೆಯ ಸಾಲಿನ ಮೇಲೆ ಇನ್ನೆರಡು ಸಾಲು ಸೇರಿಸಿ: ಪಂದ್ಯ ಸಮವಾದರೆ ತಲಾ ಐದು ರೈಡ್, ಅದೂ ಸಮವಾದರೆ ಗೋಲ್ಡನ್ ರೈಡ್. ಫೈನಲ್‌ಗೆ ಮುನ್ನ ಅದನ್ನು ಮೈಕಿನಲ್ಲಿ ಓದಿ, ಇಬ್ಬರು ನಾಯಕರ ಸಹಿಯನ್ನು ಸ್ಕೋರ್ ಪುಸ್ತಕದಲ್ಲಿ ಹಾಕಿಸಿಕೊಳ್ಳಿ.